ಮುಂಗಾಜಿನ ಎರಡು ಮಬ್ಬುಗಳು

ಮಳೆಗಾಲದಲ್ಲಿ ಕಾರಿನ ಮುಂಗಾಜಿಗೆ ಕವಿಯುವ ಮಬ್ಬು ಎರಡು ಬಗೆಯದು. ಒಂದು ಗಾಜಿನ ಒಳಮೈಯಲ್ಲಿ ಮೂಡಿದರೆ ಇನ್ನೊಂದು ಹೊರಮೈಯಲ್ಲಿ ಮೂಡುತ್ತದೆ, ಮತ್ತು ಒಂದಕ್ಕೆ ಮದ್ದಾದದ್ದೇ ಇನ್ನೊಂದನ್ನು ಹೆಚ್ಚಿಸಿಬಿಡಬಹುದು. ಎರಡಕ್ಕೂ ಮೂಲಕಾರಣ ಮಾತ್ರ ಒಂದೇ. ಗಾಳಿಯಲ್ಲಿ ಇರಬಹುದಾದ ನೀರಾವಿಗೆ ಆಯಾ ಉಷ್ಣತೆಯಲ್ಲಿ ಒಂದು ಮಿತಿಯುಂಟು: 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಘನ ಮೀಟರಿಗೆ ಸುಮಾರು 30 ಗ್ರಾಂ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. ತಣಿಯುತ್ತ ಹೋಗುವ ಗಾಳಿಯು ಯಾವ ಉಷ್ಣತೆಯಲ್ಲಿ ತನ್ನ ತೇವವನ್ನು ಹನಿಯಾಗಿ ಬಿಡತೊಡಗುವುದೋ ಅದು ಇಬ್ಬನಿ ಬಿಂದು. ಗಾಜಿನ ಯಾವ ಮೈ ತನಗೆ ತಾಗಿದ ಗಾಳಿಯ ಇಬ್ಬನಿ ಬಿಂದುವಿಗಿಂತ ತಣ್ಣಗಾಗುವುದೋ ಆ ಮೈ ಮಬ್ಬಾಗುತ್ತದೆ.

ಒಳಮಬ್ಬಿನ ಬಗೆಯನ್ನು ಅರಿಯಲು ಸೋಮೇಶ್ವರದಿಂದ ಆಗುಂಬೆಗೆ ಏರುವ ದಾರಿಗಿಂತ ಒಳ್ಳೆಯ ಸ್ಥಳವಿಲ್ಲ. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದ ಊರಿನತ್ತ ಕಾರು ತಿರುವು ತಿರುವಾಗಿ ಹತ್ತುತ್ತಿದ್ದಂತೆ ಹೊರಗಿನ ಗಾಳಿ ಮೂರು ನಾಲ್ಕು ಡಿಗ್ರಿ ತಣ್ಣಗಾಗುತ್ತದೆ, ಮಳೆನೀರು ಹರಿಯುವ ಗಾಜು ಅದರ ಜೊತೆಗೇ ತಣಿಯುತ್ತದೆ. ಒಳಗೆ ಮಾತ್ರ ನಾಲ್ಕು ಜನರ ಉಸಿರು, ಒದ್ದೆ ಕೊಡೆ, ನೀರು ಕುಡಿದ ಮ್ಯಾಟು, ಇವೆಲ್ಲದರ ತೇವ ತುಂಬಿಕೊಂಡಿರುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ರಿಸರ್ಕ್ಯುಲೇಶನ್ ಗುಂಡಿ ಒತ್ತಿದ್ದರೆ ಆ ತೇವ ಹೊರಹೋಗುವ ದಾರಿಯೂ ಮುಚ್ಚಿರುತ್ತದೆ.

ಇಂಥ ವೇಳೆಯಲ್ಲಿ ಚಳಿಯಾಯಿತೆಂದೋ ಮೈಲೇಜ್ ಉಳಿಯಲೆಂದೋ ಎ.ಸಿ. ಆರಿಸುವ ಅಭ್ಯಾಸ ನಮ್ಮ ಚಾಲಕರಲ್ಲಿ ವ್ಯಾಪಕವಾಗಿದೆ, ಮತ್ತು ಅದು ಅಪಾಯಕರವಾದುದು. ಎ.ಸಿ. ತಂಪುಗೊಳಿಸುವ ಯಂತ್ರವೆಂಬುದು ಅರ್ಧಸತ್ಯ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕಾಗಿ ಅದನ್ನು ರೂಪಿಸಿದ್ದು ತೇವದಿಂದ ಕಾಗದ ಹಿಗ್ಗಿ ಬಣ್ಣಗಳ ಅಚ್ಚು ಹೊಂದದೆ ಹೋಗುತ್ತಿದ್ದುದನ್ನು ತಡೆಯಲು, ಅಂದರೆ ಗಾಳಿಯ ತೇವವನ್ನು ಹತೋಟಿಯಲ್ಲಿಡಲು. ಕಾರಿನ ಡ್ಯಾಶ್‌ಬೋರ್ಡಿನ ಹಿಂದಿರುವ ಇವಾಪರೇಟರ್, ಅಂದರೆ ತಣ್ಣನೆಯ ಕೊಳವೆ ಮತ್ತು ತೆಳು ತಗಡುಗಳ ಜಾಲ, ತನ್ನ ಮೂಲಕ ಹಾಯುವ ಗಾಳಿಯ ನೀರನ್ನು ಹನಿಯಾಗಿಸಿ ಕೆಳಗಿನ ಕೊಳವೆಯಿಂದ ಹೊರಹಾಕುತ್ತದೆ, ಎ.ಸಿ. ಹಾಕಿ ನಿಲ್ಲಿಸಿದ ಕಾರಿನ ಅಡಿಯಲ್ಲಿ ತೊಟ್ಟಿಕ್ಕುವುದು ಆ ನೀರೇ. ಕಂಪ್ರೆಸರ್ ನಿಂತೊಡನೆ ತಗಡುಗಳಿಗೆ ಅಂಟಿದ ನೀರು ಮತ್ತೆ ಆವಿಯಾಗುತ್ತದೆ, ಬ್ಲೋವರ್ ಅದನ್ನು ನೇರವಾಗಿ ಗಾಜಿಗೆ ಊದುತ್ತದೆ, ಸ್ವಲ್ಪ ಹೊತ್ತಿಗೆ ಮುಂದಿನ ರಸ್ತೆ ಕಾಣದಾಗುತ್ತದೆ. ಚಳಿಯಾದರೆ ಎ.ಸಿ. ಆರಿಸುವ ಬದಲು ಹೀಟರನ್ನೂ ಜೊತೆಗೆ ಸೇರಿಸಬೇಕು: ಇವಾಪರೇಟರಿನಲ್ಲಿ ಒಣಗಿದ ಗಾಳಿ ಎಂಜಿನ್ನಿನ ಬಿಸಿಯಿಂದ ಬೆಚ್ಚಗಾಗಿ ಗಾಜಿಗೆ ತಲುಪಿದಾಗ ಒಳಮಬ್ಬು ಬೇಗನೆ ಕರಗುತ್ತದೆ.

ಉಷ್ಣತೆಯನ್ನು ತಾನೇ ನೋಡಿಕೊಳ್ಳುವ ಕ್ಲೈಮೇಟ್ ಕಂಟ್ರೋಲ್ ಇದ್ದ ಮಾತ್ರಕ್ಕೆ ಈ ಚಿಂತೆ ತಪ್ಪುವುದಿಲ್ಲ. ಅನೇಕ ಕಾರುಗಳಲ್ಲಿ ಈ ವ್ಯವಸ್ಥೆ ಶಾಖವನ್ನು ಅಳೆಯುತ್ತದೆಯೇ ಹೊರತು ತೇವವನ್ನಲ್ಲ. ಪರದೆಯ ಮೇಲೆ 24 ಎಂದು ತೋರುತ್ತಿರುವಾಗಲೇ ಗಾಜು ಮಬ್ಬಾಗುತ್ತಿರಬಹುದು. ಕಣ್ಣಿನ ಸೌಖ್ಯಕ್ಕಿಂತ ಮೈಯ ಸೌಖ್ಯಕ್ಕೆ ಮೊದಲ ಸ್ಥಾನ ಕೊಟ್ಟ ವಿನ್ಯಾಸವನ್ನು ಪೂರ್ಣವೆನ್ನಲಾಗದು.

ಕರಾವಳಿಯ ಸಂಗತಿ ಘಟ್ಟದ ಈ ಒಳಮಬ್ಬಿಗೆ ತೀರ ವಿರುದ್ಧ. ಮಂಗಳೂರು, ಉಡುಪಿಗಳ ಜೂನ್ ತಿಂಗಳ ರಾತ್ರಿಯಲ್ಲಿ ಹೊರಗಾಳಿಯ ಇಬ್ಬನಿ ಬಿಂದುವೇ ಸುಮಾರು 24 ಡಿಗ್ರಿ ಇರುವುದರಿಂದ, ಎ.ಸಿ.ಯನ್ನು 18ಕ್ಕೆ ಇಳಿಸಿ ಗಾಜಿನತ್ತ ಬಿಟ್ಟರೆ ತಣ್ಣೀರು ತುಂಬಿದ ಚೊಂಬಿನಂತೆ ಗಾಜಿನ ಹೊರಮೈ ಬೆವರುತ್ತದೆ. ಇಲ್ಲಿ ವೈಪರ್ ಒಮ್ಮೆ ಆಡಿಸಿ, ಗಾಳಿಯನ್ನು ಗಾಜಿನಿಂದ ಎದೆಯ ಕಡೆಗೆ ತಿರುಗಿಸಿ, ಉಷ್ಣತೆಯನ್ನು ಏರಿಸಿದರೆ ಸಾಕು.

ಗಾಜಿಗೆ ಶಾಂಪೂ ತೆಳುವಾಗಿ ಸವರುವ ಚಾಲಕರ ಉಪಾಯದಲ್ಲಿಯೂ ಹುರುಳಿದೆ, ಏಕೆಂದರೆ ಸಾಬೂನಿನ ಗುಣದ ವಸ್ತು ಸಣ್ಣ ಹನಿಗಳನ್ನು ಪಾರದರ್ಶಕ ಪೊರೆಯಾಗಿ ಹರಡಿಸುತ್ತದೆ. ಆದರೆ ತೇವ ಅಲ್ಲಿಯೇ ಉಳಿಯುವುದರಿಂದ ಅದು ತಾತ್ಕಾಲಿಕ. ಘಟ್ಟದ ದಾರಿ ಹಿಡಿಯುವವರು ಗಾಜಿನ ಒಳಮೈಯನ್ನು ಮೊದಲೇ ಶುಚಿಗೊಳಿಸಿಕೊಳ್ಳಲಿ, ಹೊರಗಾಳಿ ಬರುವಂತೆ ಗುಂಡಿಯನ್ನು ಬದಲಿಸಿಕೊಳ್ಳಲಿ, ಮಬ್ಬು ಕವಿದಾಗ ಒಳಗಿನಿಂದ ಒಂದು ಬೆರಳು ಎಳೆದು ನೋಡಲಿ: ಗೆರೆ ಮೂಡಿದರೆ ಮಬ್ಬು ಒಳಗಿನದು, ಮೂಡದಿದ್ದರೆ ಹೊರಗಿನದು. ಅದಕ್ಕೆ ತಕ್ಕ ಉಪಾಯ ಮಾಡಿದ ಮೇಲೂ ಗಾಜು ತಿಳಿಯಾಗದಿದ್ದರೆ, ಒಂದು ಕೈಯಲ್ಲಿ ಗಾಜು ಒರೆಸುತ್ತ ಇನ್ನೊಂದು ಕೈಯಲ್ಲಿ ತಿರುವು ದಾಟುವ ಸಾಹಸ ಬೇಡ. ರಸ್ತೆ ಅಗಲವಾಗಿರುವೆಡೆ ಪಕ್ಕಕ್ಕೆ ನಿಲ್ಲಿಸಿ, ದೀಪ ಹಾಕಿ, ಗಾಜು ತಿಳಿಯಾದ ಮೇಲೆ ಹೊರಡಿ.