ಚನ್ನಪಟ್ಟಣದ ಅರಗೂ ನಮ್ಮ ಮನೆಯ ಕುದುರೆಯೂ

ನಮ್ಮ ಮನೆಯ ಅಟ್ಟದ ಮೇಲೆ ಮರದ ಕುದುರೆಯೊಂದಿದ್ದಿತು. ೩೦ ವರ್ಷಗಳ ಹಿಂದೆ ನಾವೇ ಉಳಿ ಹಿಡಿದು ಕೆತ್ತಿ, ಕಿಟಕಿಗೆ ಬಳಿದು ಮಿಕ್ಕಿದ್ದ ಹಳದಿ ಬಣ್ಣವನ್ನು ಹಚ್ಚಿ, ಮಗನಿಗೆ ಕೊಟ್ಟಿದ್ದೆವು. ಈಗ ಮೊಮ್ಮಗುವಿಗೆ ಹಲ್ಲು ಮೂಡುತ್ತಿರುವ ಕಾಲ. ಕುದುರೆಯನ್ನು ಇಳಿಸಿಕೊಟ್ಟ ದಿನವೇ ಶಿಶುವು ಅದರ ಕಿವಿಯನ್ನು ಕಚ್ಚಿತು. ತುಟಿಯ ಮೇಲೆ ಹಳದಿಯ ಚೂರನ್ನು ಕಂಡ ಸೊಸೆಯು, “ಮಾವ, ಈ ಬಣ್ಣದಲ್ಲಿ ಏನೇನಿದೆ?” ಎಂದಳು. ಜೀವಮಾನವೆಲ್ಲ ಪಾಠ ಹೇಳಿದ ನಮ್ಮಲ್ಲಿ ಉತ್ತರವಿರಲಿಲ್ಲ. ಮಗುವನ್ನು ವೈದ್ಯರಿಗೆ ತೋರಿಸಿ, ಕುದುರೆಯನ್ನು ಚೀಲದಲ್ಲಿಟ್ಟುಕೊಂಡು ಚನ್ನಪಟ್ಟಣಕ್ಕೆ ಹೊರಟೆವು.

ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು ೬೦ ಕಿಲೋಮೀಟರು ದೂರದಲ್ಲಿರುವ ಈ ಊರು ಬೊಂಬೆಗಳಿಗೆ ಪ್ರಸಿದ್ಧವಾದುದು. ವೃದ್ಧ ಕುಶಲಿಯೊಬ್ಬರು ನಮ್ಮನ್ನು ಆದರದಿಂದ ಕೂಡಿಸಿ ತಮ್ಮ ಕೆಲಸವನ್ನು ತೋರಿಸಿದರು. ಒಣಗಿದ ಆಲೆಮರದ ತುಂಡು ಯಂತ್ರದಲ್ಲಿ ಗಿರ್ರನೆ ತಿರುಗುತ್ತದೆ. ಅರಿಸಿನವನ್ನೋ ನೀಲಿಯನ್ನೋ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿದೊಡನೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ತಾಳೆಗರಿಯಿಂದ ತೀಡಲು ಕನ್ನಡಿಯಂತೆ ಹೊಳೆಯುತ್ತದೆ. ಅರಗು ಒಂದು ಕೀಟವು ಮರದ ಕೊಂಬೆಗಳ ಮೇಲೆ ಸ್ರವಿಸುವ ಅಂಟು. ಶುದ್ಧಿಮಾಡಿದ ಅರಗನ್ನು ಔಷಧದ ಮಾತ್ರೆಗಳಿಗೂ ಲೇಪಿಸುವರು. ಪಾಂಡವರನ್ನು ಸುಡಲು ಕಟ್ಟಿದ ಲಾಕ್ಷಾಗೃಹದ ಕಥೆಯನ್ನು ಎಷ್ಟೋ ಸಲ ಹೇಳಿದ್ದ ನಮಗೆ, ಅದೇ ಲಾಕ್ಷೆಯು ಇಲ್ಲಿ ಶಿಶುರಕ್ಷಕವಾದುದನ್ನು ಕಂಡು ವಿಸ್ಮಯವಾಯಿತು. ಆದರೆ ಇಲ್ಲಿಯೂ ಕೆಲವರು ರಾಸಾಯನಿಕ ಬಣ್ಣಗಳನ್ನು ಬೆರೆಸುವುದುಂಟು. ಕೇಳಿ ಕೊಳ್ಳುವುದು ಲೇಸು.

ನಮ್ಮ ಕುದುರೆಯನ್ನು ಮುಂದಿಟ್ಟು, “ಉಜ್ಜುಕಾಗದದಿಂದ ಹಳೆಯ ಬಣ್ಣ ತೆಗೆದು ಇದಕ್ಕೂ ಅರಗು ಹಾಕಬಹುದೇ?” ಎಂದೆವು. ಅವರು ಕೈಯಲ್ಲಿ ಮುಟ್ಟಿ ನೋಡಿ, “ಬೇಡಿ, ಮೇಷ್ಟ್ರೇ. ಉಜ್ಜಿದರೆ ಆ ಧೂಳು ಮನೆಯಲ್ಲೆಲ್ಲ ಹಾರುತ್ತದೆ. ನಮ್ಮ ಅರಗು ಯಂತ್ರದಲ್ಲಿ ತಿರುಗುವ ಮರಕ್ಕೆ; ಕಾಲು ಕಿವಿಗಳಿರುವ ಕೆತ್ತನೆಗೆ ಒಗ್ಗದು. ಹೊಸದನ್ನು ಕೆತ್ತಿ, ಬಣ್ಣವಿಲ್ಲದೆ ಬಿಡಿ” ಎಂದರು.

ಅವರ ಮಾತು ಯುಕ್ತವಾದುದು. ಹಳೆಯ ಎಣ್ಣೆಬಣ್ಣಗಳ ಹಳದಿ ಕೆಂಪುಗಳಲ್ಲಿ ಸೀಸದ ಲವಣಗಳಿರುತ್ತಿದ್ದವು. ನಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದುದು ೨೦೧೭ರಲ್ಲಿ. ಸೀಸವು ಎಳೆಯರ ಮೆದುಳಿನ ಬೆಳವಣಿಗೆಗೆ ಕುಂದು ತರುವುದು. ಇಷ್ಟಾದರೆ ಬಾಧಕವಿಲ್ಲವೆಂಬ ಪ್ರಮಾಣವೇ ಅದಕ್ಕಿಲ್ಲ.

ಮನೆಗೆ ಬಂದು ಹೊಸ ಕುದುರೆಯನ್ನು ಕೆತ್ತಿದೆವು. ಶುದ್ಧವಾದ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಕೆಲವು ವಾರ ಚೆನ್ನಾಗಿ ಒಣಗಿಸಿ, ಜೇನುಮೇಣದಿಂದ ತಿಕ್ಕಿದೆವು. ಬೇಗ ಒಣಗಲೆಂದು ಲೋಹದ ಲವಣ ಬೆರೆಸಿದ ಅಂಗಡಿಯ ಎಣ್ಣೆ ಸಲ್ಲದು. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನೇ ಹೊತ್ತಿಕೊಳ್ಳಬಹುದಾದ್ದರಿಂದ ಹರವಿ ಒಣಗಿಸಬೇಕು.

ಹಳೆಯ ಕುದುರೆಯನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವಾಗ ಅದರ ಇನ್ನೊಂದು ಕಿವಿಯನ್ನು ನೋಡಿದೆವು. ಅಲ್ಲಿಯೂ ಪುಟ್ಟ ಹಲ್ಲುಗಳ ಗುರುತಿದ್ದಿತು. ಅದು ಹಳೆಯ ಗುರುತು, ನಮ್ಮ ಮಗನದು. ಅಜ್ಞಾನದಿಂದ ಕೊಟ್ಟುದೂ ಪ್ರೀತಿಯಿಂದಲೇ ಕೊಟ್ಟುದು, ನಿಜ. ಆದರೆ ಮಗುವಿನ ಬಾಯಿಗೆ ಆ ಭೇದವು ತಿಳಿಯದು.