ಮಲ್ಪೆಯ ದ್ವೀಪದಲ್ಲಿ ಒಂದು ಹಗಲು

ಊರಿನ ಮನೆಯನ್ನು ಮಾರುವುದೆಂದು ನಿಶ್ಚಯವಾಗಿ, ಕಾಗದಪತ್ರದ ಕೆಲಸ ಮುಗಿಸಲೆಂದು ನಾವು ಮುಂಬಯಿಯಿಂದ ಉಡುಪಿಗೆ ಹೋಗಿದ್ದೆವು. ಮೂರು ತಲೆಮಾರು ಬಾಳಿದ ಮನೆ ಕೈಬಿಡುವುದಕ್ಕೆ ಒಂದು ಬೆಳಗು ಸಾಕಾಯಿತು. ಹಿಂದಿರುಗುವ ರೈಲಿಗೆ ಇನ್ನೂ ಒಂದು ದಿನವಿತ್ತು. ಅಮ್ಮ ಮಾತೇ ಆಡುತ್ತಿರಲಿಲ್ಲ. ಅವರ ಮನಸ್ಸು ಸ್ವಲ್ಪ ಬೇರೆ ಕಡೆ ತಿರುಗಲೆಂದು, ಮಗಳ ಹಟವನ್ನೇ ನೆಪ ಮಾಡಿಕೊಂಡು, ಮರುದಿನ ಮಲ್ಪೆಯಲ್ಲಿ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಟೆವು.

ದಡದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ, ಕಡಲಿನೊಳಗೆ ನಾಲ್ಕು ಸಣ್ಣ ದ್ವೀಪಗಳಿವೆ. ದೋಣಿ ಹೋಗುವುದು ತೆಂಗಿನ ಮರಗಳಿರುವ ದ್ವೀಪಕ್ಕೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟನೆಂದು ಪ್ರತೀತಿ. ಆದರೆ ದ್ವೀಪದ ನಿಜವಾದ ಹಿರಿಮೆ ಅದರ ಕಲ್ಲು. ನೀರಿನಂಚಿನಲ್ಲಿ ಶಿಲ್ಪಿ ಕಡೆದು ಜೋಡಿಸಿದಂತೆ ಸಾಲುಸಾಲು ಕಂಬಗಳು. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು.

“ಇದನ್ನೆಲ್ಲ ಯಾರು ಕಟ್ಟಿದ್ದು?” ಎಂದು ಮಗಳು ಕೇಳಿದಳು.

ಯಾರೂ ಕಟ್ಟಿದ್ದಲ್ಲ. ಕರಗಿ ಹರಿದ ಕಲ್ಲು ಆರುತ್ತಾ ಕುಗ್ಗಿ, ಬೇಸಗೆಯಲ್ಲಿ ಕೆರೆಯ ಕೆಸರು ಬಿರಿಯುವಂತೆ ಬಿರಿದು ಕಂಬಗಳಾಯಿತು. ಆ ಬೆಂಕಿಯ ಮೂಲ ನಮ್ಮ ಕಾಲಡಿಯಲ್ಲಿಯೇ ಇದೆ.

ಭೂಮಿಯ ನಡುವಿಗೆ 6,371 ಕಿಲೋಮೀಟರ್. ನಾವು ಮನೆ ಕಟ್ಟುವ ಚಿಪ್ಪಿನ ದಪ್ಪ ಖಂಡಗಳಲ್ಲಿ ಸರಾಸರಿ 35 ಕಿಲೋಮೀಟರ್ ಮಾತ್ರ. ಅದರ ಕೆಳಗೆ 2,900 ಕಿಲೋಮೀಟರ್ ಆಳದವರೆಗೆ ಮ್ಯಾಂಟಲ್ ಎಂಬ ಬಿಸಿ ಬಂಡೆಯ ಪದರ. ಅದು ಘನವೇ ಆದರೂ, ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಗಟ್ಟಿ ಬೆಲ್ಲದ ಪಾಕದಂತೆ ಹರಿಯುತ್ತದೆ. ಇನ್ನೂ ಕೆಳಗೆ ಕರಗಿದ ಕಬ್ಬಿಣದ ಹೊರ ಕೇಂದ್ರ. ನಟ್ಟನಡುವೆ ಘನವಾದ ಒಳ ಕೇಂದ್ರ.

ಇದನ್ನು ಕಂಡು ಬಂದವರಾರು? ರಷ್ಯದ ಕೋಲಾದಲ್ಲಿ ಕೊರೆದ ರಂಧ್ರ 1989ರಲ್ಲಿ 12 ಕಿಲೋಮೀಟರ್ ದಾಟಿ ಅಲ್ಲಿಗೇ ನಿಂತಿತು. ನಮ್ಮ ಹಿರಿಯರು ಹಲಸಿನ ಹಣ್ಣನ್ನು ಬಿಡಿಸದೆ, ಬೆರಳಿನಿಂದ ತಟ್ಟಿ, ಸದ್ದಿನಿಂದಲೇ ಒಳಗು ತಿಳಿಯುತ್ತಿದ್ದರಲ್ಲ, ಇದೂ ಹಾಗೆಯೇ. ಭೂಕಂಪವೇ ಇಲ್ಲಿ ತಟ್ಟುವ ಬೆರಳು. ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯಲ್ಲಿದ್ದ ಓಲ್ಡ್‌ಹ್ಯಾಮ್ ಎಂಬವರು 1897ರ ಅಸ್ಸಾಮಿನ ಮಹಾಕಂಪದ ಅಲೆಗಳನ್ನು ಅಭ್ಯಾಸ ಮಾಡಿದರು; ಭೂಮಿಗೆ ಬೇರೊಂದು ಕೇಂದ್ರವಿದೆಯೆಂದು 1906ರಲ್ಲಿ ತೋರಿಸಿದರು. ಅದರೊಳಗೆ ಮತ್ತೊಂದಿದೆಯೆಂದು 1936ರಲ್ಲಿ ಕಂಡವರು ಡೆನ್ಮಾರ್ಕಿನ ಇಂಗೆ ಲೆಹ್ಮನ್ ಎಂಬ ಮಹಿಳೆ.

ಮ್ಯಾಂಟಲ್ಲಿನ ಮೇಲೆ ಚಿಪ್ಪು ಒಡೆದ ಫಲಕಗಳಾಗಿ ಸರಿಯುತ್ತಿದೆ. ಖಂಡಗಳು ಚಲಿಸುತ್ತವೆಂದು 1912ರಲ್ಲಿ ವೆಗೆನರ್ ಹೇಳಿದಾಗ ನಕ್ಕವರೇ ಬಹಳ. ಅವರು 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು. ಲೋಕ ಒಪ್ಪಿದ್ದು 1960ರ ದಶಕದಲ್ಲಿ, ಕಡಲ ತಳ ಹಿಗ್ಗುತ್ತಿರುವುದು ಖಚಿತವಾದ ಮೇಲೆ. ಭಾರತ ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸಾಗುತ್ತಿದೆ. ಸರ್ಕಾರಿ ಕಡತಗಳ ನಡಿಗೆ ಬಲ್ಲ ನಮಗೆ ಇದೇನೂ ನಿಧಾನವೆನಿಸಲಿಲ್ಲ!

ಸುಮಾರು 9 ಕೋಟಿ ವರ್ಷಗಳ ಹಿಂದೆ ಈ ಕರಾವಳಿಗೆ ಅಂಟಿಕೊಂಡೇ ಮಡಗಾಸ್ಕರ್ ಇತ್ತು. ಎರಡೂ ಸೀಳುವ ಕಾಲಕ್ಕೆ ಒಳಗಿನ ಬಿಸಿ ಮೇಲಕ್ಕೆ ನುಗ್ಗಿ ಬಂಡೆ ಕರಗಿತು. ಆಗ ಹರಿದದ್ದೇ ಈ ದ್ವೀಪದ ಕಲ್ಲು. ಅದೇ ಕಾಲದ ಅಗ್ನಿಶಿಲೆ ಮಡಗಾಸ್ಕರಿನಲ್ಲಿಯೂ ಇದೆ. ನಡುವೆ ಈಗ ನಾಲ್ಕು ಸಾವಿರ ಕಿಲೋಮೀಟರಿನಷ್ಟು ಕಡಲು.

ಕಂಬವೊಂದರ ಮೇಲೆ ಕುಳಿತು ಇದನ್ನೆಲ್ಲ ಹೇಳಿದ ನಾವು, ಕೊನೆಗೆ, “ನೋಡಿ ಅಮ್ಮ, ನೆಲವೇ ನೆಲವನ್ನು ಬಿಟ್ಟು ಹೋಗುತ್ತದೆ. ಒಂದು ಮನೆ ಹೋಯಿತೆಂದು ಎಷ್ಟು ಬೇಸರ ಮಾಡುವುದು?” ಎಂದೆವು.

ಅಮ್ಮ ಕಡಲ ಕಡೆ ನೋಡುತ್ತಲೇ, “ನೆಲಕ್ಕೆ ಮನಸ್ಸಿಲ್ಲ ಮಗಾ, ಅದು ಹೋಗುತ್ತದೆ. ನಾವೂ ಹಾಗೆ ಹೋಗಬೇಕೋ?” ಎಂದರು. ನಮ್ಮ ವಿಜ್ಞಾನವೆಲ್ಲ ಅಲ್ಲಿಗೆ ಮುಗಿಯಿತು. ದೋಣಿಯವನು ಕರೆದಾಗ ಸುಮ್ಮನೆ ಎದ್ದು ಬಂದೆವು.

ಮುಂಬಯಿಗೆ ಬಂದ ಮುಂದಿನ ಭಾನುವಾರ ಅಮ್ಮನೇ, “ಇಲ್ಲಿ ಅಂಥ ಕಲ್ಲು ಇಲ್ಲವೋ?” ಎಂದು ಕೇಳಿದರು. ಅಂಧೇರಿಯ ಗಿಲ್ಬರ್ಟ್ ಹಿಲ್‌ಗೆ ಕರೆದುಕೊಂಡು ಹೋದೆವು. ಕಟ್ಟಡಗಳ ನಡುವೆ ಸುಮಾರು 200 ಅಡಿ ಎತ್ತರಕ್ಕೆ ನೆಟ್ಟಗೆ ನಿಂತ ಕಪ್ಪು ಕಂಬಗಳ ಗುಡ್ಡ. ನೆತ್ತಿಯಲ್ಲಿ ಗಾಂವ್‌ದೇವಿಯ ಗುಡಿ. ದಖ್ಖನ್ನಿನ ಲಾವಾ ಹರಿದ ಕಾಲದ್ದು. ಅದಾದ ಸ್ವಲ್ಪ ಕಾಲಕ್ಕೆ, ಎಂದರೆ ಭೂಮಿಯ ಲೆಕ್ಕದ ಸ್ವಲ್ಪ ಕಾಲಕ್ಕೆ, ಸೇಷೆಲ್ಸ್ ದ್ವೀಪಗಳ ನೆಲ ಭಾರತದ ಪಶ್ಚಿಮದ ಅಂಚಿನಿಂದ ಕಳಚಿಕೊಂಡಿತು. ಹೊಟ್ಟೆಪಾಡಿಗೆ ಬಂದು ನೆಲೆಸಿದ ಈ ಊರೂ ಒಂದು ಅಗಲಿಕೆಯ ದಡವೇ.

ಅಮ್ಮ ಬಂಡೆಯ ಮೇಲೆ ಅಂಗೈಯಿಟ್ಟು, “ಮಲ್ಪೆಯದೇ ಕಲ್ಲಲ್ಲವೋ ಇದು?” ಎಂದರು.

“ಅಲ್ಲ ಅಮ್ಮ. ಇದು ಅದಕ್ಕಿಂತ ಎರಡು ಕೋಟಿ ವರ್ಷಕ್ಕೂ ಹೆಚ್ಚು ಚಿಕ್ಕದು.”

“ಹಾಗಾದರೆ ತಮ್ಮನಾಯಿತು” ಎಂದು ಅಮ್ಮ ಮೊಮ್ಮಗಳ ಕೈ ಹಿಡಿದು ಮೆಟ್ಟಿಲು ಹತ್ತತೊಡಗಿದರು.