ಸೂಟ್ಯಾಗ ಓದೋ ಕ್ಲಾಸಿಗೆ ರೊಕ್ಕ ಕಟ್ಟಬೇಕೇನ್ರಿ?

ಹ್ವಾದ ವರ್ಷ ಬ್ಯಾಸಗಿ ಸೂಟ್ಯಾಗ ಧಾರವಾಡದಾಗ ನನ್ನ ಮಗಳು 3,000 ರೂಪಾಯಿ ಕಟ್ಟಿ ಮೊಮ್ಮಗಳನ್ನ ಕನ್ನಡ ಓದೋ ಕ್ಲಾಸಿಗೆ ಹಾಕಿದ್ಳು. ಸರ್ಟಿಫಿಕೇಟೇನೋ ಬಂತು. ಆದ್ರ ಒತ್ತಕ್ಷರ ಕಂಡ್ರ ಸಾಕು, ಹುಡುಗಿ ಪುಸ್ತಕ ಮುಚ್ಚಿ ಅಳೂಮಾರಿ ಮಾಡ್ತಿತ್ತು. 25 ಹುಡುಗ್ರಾಗ ಆಕಿ ಪಾಳಿ ಬರೋದ ಅಪರೂಪಂತ.

ಈ ಸೂಟಿಗೆ ನಮ್ಮ ಹಳ್ಳಿಗೆ ಕರಕೊಂಡ ಬಂದೆ. ಪಂಚಾಯ್ತಿ ಗ್ರಂಥಾಲಯದಾಗ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟ ಅದ; ಅಲ್ಲಿಂದ ಕಥಿ ಪುಸ್ತಕ ತಂದ್ವಿ. ದಿನಾ ರೊಟ್ಟಿ ಬಡದಾದ ಮ್ಯಾಲೆ 20 ನಿಮಿಷ ಕೂಡ್ತೇವಿ. ಒಂದ ಪುಟ ನಾ, ಒಂದ ಪುಟ ಆಕಿ. ಮೊನ್ನೆ "ಅಜ್ಜಿ, ನೀ ಒಂದ ಸಾಲು ಬಿಟ್ಟಿ" ಅಂತ ನನ್ನ ತಪ್ಪು ಹಿಡದ್ಳು!

ಮನ್ಯಾಗ ಕೂಡೋರು ಇಲ್ಲಂದ್ರ ಕ್ಲಾಸ್ ಬ್ಯಾಡ ಅನ್ನಂಗಿಲ್ಲ. ಆದ್ರ ರೊಕ್ಕ ಕಟ್ಟೂ ಮೊದ್ಲ ಒಂದ ಮಾತು ಕೇಳ್ರಿ: ನಮ್ಮ ಕೂಸು ದಿನಾ ಎಷ್ಟು ಹೊತ್ತು ತಾನ ಗಟ್ಯಾಗಿ ಓದ್ತದ?